ಮಡಚಲು ಬಾರದ ಡೇರೆ

ಎರಡೇ ಸೆಕೆಂಡಿನಲ್ಲಿ ಬಿಚ್ಚಿಕೊಳ್ಳುತ್ತದೆ ಎಂದು ಚೀಲದ ಮೇಲೆ ಬರೆದಿತ್ತು. ಸುಳ್ಳಲ್ಲ. ಪಟ್ಟಿ ಸಡಿಲಿಸಿ ಕೈಬಿಟ್ಟೆ, ಡೇರೆ ಹಾರಿ ಎದ್ದು ನಿಂತಿತು. ನಿಲ್ಲುವ ಭರಾಟೆಯಲ್ಲಿ ಮೇಜಿನ ಮೇಲಿದ್ದ ನೀರಿನ ಲೋಟವನ್ನೂ ಕೆಡವಿತು. ಮಡಚಲು ಎಷ್ಟು ಸೆಕೆಂಡು ಬೇಕು ಅಂತ ಮಾತ್ರ ಚೀಲದ ಮೇಲೆ ಎಲ್ಲೂ ಬರೆದಿರಲಿಲ್ಲ. ಇವತ್ತಿಗೆ ನಾಲ್ಕು ದಿನ. ಹಾಲಿನ ನಡುವೆ ಅದು ಕೂತಿದೆ, ನಾವು ಗೋಡೆ ಸವರಿಕೊಂಡು ಓಡಾಡುತ್ತಿದ್ದೇವೆ.

ಮಗಳಿಗೂ ಬಯಲಲ್ಲಿ ಮಲಗುವ ಸುಖ ಗೊತ್ತಾಗಲಿ ಎಂದು ನಾನೇ ತಂದಿದ್ದು. ಹಾಗಾಗಿ ಯಾರನ್ನೂ ಬೈಯುವ ಹಾಗಿಲ್ಲ. ಅದರೊಳಗೆ ಇರುವುದು ಸ್ಪ್ರಿಂಗಿನಂಥ ಒಂದು ದೊಡ್ಡ ಬಳೆ. ಮರ ಕೊಯ್ಯುವ ಮಿಲ್ಲಿನವರು ಗರಗಸದ ಉದ್ದ ಪಟ್ಟಿಯನ್ನು ಮಡಚಿಡುವ ಲೆಕ್ಕವೇ ಇಲ್ಲೂ ಇದೆ: ಎಂಟರ ಆಕಾರಕ್ಕೆ ತಿರುಚಬೇಕು, ಆಮೇಲೆ ಒಂದರ ಮೇಲೊಂದು ಬೀಳಿಸಬೇಕು. ಬಳೆ ಮೂರು ಸುತ್ತಾಗಿ ಕೂರುತ್ತದೆ. ಎರಡು ಸುತ್ತಾಗು ಎಂದರೆ ಆಗುವುದಿಲ್ಲ, ಅದರ ಜಾತಕವೇ ಹಾಗೆ. ಇದು ನನಗೆ ಗೊತ್ತಾಗಿದ್ದು ಮೂರನೇ ದಿನ. ಅಲ್ಲಿಯವರೆಗೆ ನಾನು ಎರಡು ಸುತ್ತು ಮಾಡಲೇ ಹೆಣಗುತ್ತಿದ್ದೆ.

ಇರಲಿ, ಡೇರೆಯ ವಿಷಯ ಬಿಡಿ. ಹೊಲದಲ್ಲಿ ಆಡಿ ಬೆಳೆದವರಿಗೆ ಒಂದು ತಿಳಿವಳಿಕೆ ಬರುತ್ತದೆ, ಅದು ಬೇರೆ ಎಲ್ಲೂ ಸಿಗುವುದಿಲ್ಲ. ಅದೇನು ಅಂತ ಹೇಳಲಿಕ್ಕೆ ಇದನ್ನು ಬರೆಯಲು ಕೂತೆ. ಅದಕ್ಕೆ ಮೊದಲು ಒಂದು ಸಣ್ಣ ಘಟನೆ ಹೇಳಿಬಿಡುತ್ತೇನೆ.

ರಜೆ ಬಂತೆಂದರೆ ನಾವು ಮೂವರು ಅಜ್ಜನ ಹೊಲದಲ್ಲಿ. ದೊಡ್ಡಪ್ಪನ ಮಗ, ನಾನು, ಅತ್ತೆಯ ಮಗಳು. ಬಣವೆಯ ಮೇಲಿಂದ ಜಾರುವುದು, ಪಂಪಿನ ನೀರಿಗೆ ತಲೆ ಕೊಡುವುದು, ಮೈತುಂಬ ಹುಲ್ಲಿನ ತುರಿಕೆ ಹತ್ತಿಸಿಕೊಂಡು ಸಂಜೆ ಬೈಸಿಕೊಳ್ಳುವುದು. ಇದೆಲ್ಲ ಎಲ್ಲರ ಬಾಲ್ಯದಲ್ಲೂ ಇದ್ದದ್ದೇ, ವಿವರಿಸುವುದಿಲ್ಲ.

ಅಣ್ಣ ಆ ವರ್ಷ ಶಾಲೆಯಲ್ಲಿ ಸ್ಕೌಟ್ಸ್ ಸೇರಿದ್ದ. 1907ರ ಆಗಸ್ಟಿನಲ್ಲಿ ಸ್ಕೌಟ್ಸ್ ಹುಟ್ಟುಹಾಕಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ದ್ವೀಪದಲ್ಲಿ ಸುಮಾರು 20 ಹುಡುಗರನ್ನು ಕರೆದುಕೊಂಡು ಹೋಗಿ ಡೇರೆ ಹಾಕಿಸಿದ್ದು, ಬೆಳಿಗ್ಗೆ ಕೊಂಬು ಊದಿ ಎಬ್ಬಿಸುತ್ತಿದ್ದದ್ದು, ಎಲ್ಲವನ್ನೂ ನಮಗೆ ಹೇಳಿದ. ಅವನಿಗೆ ಹಿಡಿಸಿದ್ದು ಕೊಂಬು ಮಾತ್ರ ಅನಿಸುತ್ತದೆ. ಪಂಪಿನ ಹತ್ತಿರ ಬಿದ್ದಿದ್ದ ಒಂದು ತುಂಡು ಪೈಪು ಹುಡುಕಿ ತಂದು ದಿನವಿಡೀ ಊದಿದ. ಎಮ್ಮೆಯೊಂದು ಮಾತ್ರ ಅದಕ್ಕೆ ಉತ್ತರ ಕೊಟ್ಟಿತು.

ಹಾಗೆ ಒಂದು ರಾತ್ರಿ ಹೊಲದಲ್ಲೇ ಮಲಗುವುದೆಂದು ತೀರ್ಮಾನವಾಯಿತು. ಅಜ್ಜಿಯ ಹಳೆಯ ಹಾಸು, ನಾಲ್ಕು ಕೋಲು, ಒಂದು ಹಗ್ಗ. ಗಂಟು ಹಾಕುವ ಹಕ್ಕು ಅಣ್ಣನದು. ಬಲದ ತುದಿ ಎಡದ ಮೇಲೆ, ಆಮೇಲೆ ಎಡದ ತುದಿ ಬಲದ ಮೇಲೆ. ಎರಡು ಸಲವೂ ಒಂದೇ ಕಡೆಯಿಂದ ಹಾಕಿದರೆ ಜಾರುತ್ತದೆ ಎಂದು ಪಾಠ ಮಾಡಿದ. ಅವನು ಹಾಕಿದ ನಾಲ್ಕರಲ್ಲಿ ಎರಡು ಜಾರಿದವು. ನಾನು ಅದನ್ನು ಎತ್ತಿ ಹೇಳಿದ್ದಕ್ಕೆ ನನ್ನನ್ನು ಕಾವಲುಗಾರನ ಹುದ್ದೆಯಿಂದ ತೆಗೆದು ಹಾಕಿದ.

“ಮರದ ಕೆಳಗೆ ಹಾಕ್ರೋ” ಎಂದರು ಅಜ್ಜ. ಅಣ್ಣ ಕೇಳಲಿಲ್ಲ. ನಕ್ಷತ್ರ ಕಾಣಬೇಕಂತೆ. ಇಬ್ಬನಿ ಮೇಲಿಂದ ಬೀಳುವುದಿಲ್ಲ, ರಾತ್ರಿ ಬಯಲಲ್ಲಿ ತಣ್ಣಗಾದ ವಸ್ತುವಿನ ಮೇಲೆ ಗಾಳಿಯಲ್ಲಿರುವ ತೇವವೇ ಕೂರುತ್ತದೆ, ಮರದ ಅಡಿಯಲ್ಲಿ ನೆಲ ಅಷ್ಟು ತಣ್ಣಗಾಗುವುದಿಲ್ಲ ಎಂದು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಅಜ್ಜ ಓದಿರಲಿಲ್ಲ, ಆದರೆ ಅವರಿಗೆ ಗೊತ್ತಿತ್ತು. ಒಂಬತ್ತು ಗಂಟೆಗೆಲ್ಲ ನಮ್ಮ ಮಾಡು ಒದ್ದೆ.

ನಕ್ಷತ್ರವಾದರೂ ಕಂಡಿತೇ ಅಂದರೆ ಅದೂ ಇಲ್ಲ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷವಾದರೂ ಬೇಕು. ಅಣ್ಣ ಎರಡು ನಿಮಿಷಕ್ಕೊಮ್ಮೆ ನಮ್ಮ ಮುಖಕ್ಕೆ ಟಾರ್ಚ್ ಬಿಟ್ಟು “ಎಲ್ಲರೂ ಇದ್ದೀರಾ?” ಎಂದು ಹಾಜರಿ ತೆಗೆದುಕೊಳ್ಳುತ್ತಿದ್ದ. ಮೂರೇ ಜನ. ಎಲ್ಲಿಗೆ ಹೋಗುತ್ತಾರೆ? (ಈಗ ‘ತಾರೆಗಳ ಅಡಿಯಲ್ಲಿ ಒಂದು ರಾತ್ರಿ’ ಎಂದು ಜಾಹೀರಾತು ಕೊಟ್ಟು, ಡೇರೆಯ ಸುತ್ತ ಸೀರಿಯಲ್ ಲೈಟು ಸುತ್ತಿ, ಕಂಬಕ್ಕೊಂದು ಫ್ಲಡ್‌ಲೈಟು ನೆಟ್ಟಿರುತ್ತಾರೆ. ತಾರೆಗಳಿಗೆ ದಾರಿ ಕಾಣಲಿ ಅಂತಲೋ ಏನೋ. ಪ್ರಪಂಚದ ಮೂರನೇ ಒಂದು ಪಾಲಿಗಿಂತ ಹೆಚ್ಚು ಜನಕ್ಕೆ ತಾವಿರುವಲ್ಲಿಂದ ಆಕಾಶಗಂಗೆಯೇ ಕಾಣುವುದಿಲ್ಲ ಎಂದು 2016ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಅದರಲ್ಲಿ ಇಂಥವರ ಕೈವಾಡ ಎಷ್ಟಿದೆಯೋ!)

ಸುತ್ತ ಜೀರುಂಡೆಗಳ ಸದ್ದು. ಅವು ಕಾಲು ಉಜ್ಜಿ ಹಾಡುತ್ತವೆ ಎಂದ ಅಣ್ಣ. ಕಾಲಲ್ಲ, ರೆಕ್ಕೆ, ಅದೂ ಗಂಡುಗಳು ಮಾತ್ರ. ಆಗ ನನಗೆ ಗೊತ್ತಿದ್ದಿದ್ದರೆ ಆ ರಾತ್ರಿಯ ಚರಿತ್ರೆಯೇ ಬೇರೆಯಾಗುತ್ತಿತ್ತು. ಜೀರುಂಡೆಯ ಸದ್ದು ಎಣಿಸಿ ಹವೆಯ ಬಿಸಿ ಎಷ್ಟೆಂದು ಹೇಳುವ ಸೂತ್ರವನ್ನು ಡಾಲ್ಬೇರ್ ಎಂಬ ಅಮೆರಿಕದ ವಿಜ್ಞಾನಿ 1897ರಲ್ಲೇ ಬರೆದಿಟ್ಟಿದ್ದಾನೆ. ಚಳಿ ಏರಿದಷ್ಟೂ ಹಾಡು ನಿಧಾನ. ನಾವೂ ಎಣಿಸುತ್ತಾ ಮಲಗಿದ್ದೆವು, ಸೂತ್ರವಿಲ್ಲದೆ, ಸುಮ್ನೆ.

ಇದ್ದಕ್ಕಿದ್ದಂತೆ ಎಲ್ಲವೂ ನಿಂತವು. ಹತ್ತಿರದಲ್ಲಿ ಯಾರಾದರೂ ಹೆಜ್ಜೆ ಇಟ್ಟರೆ ಜೀರುಂಡೆ ಬಾಯಿ ಮುಚ್ಚುತ್ತದೆ. ಅಂದರೆ, ರೆಕ್ಕೆ ಮುಚ್ಚುತ್ತದೆ. ಅಣ್ಣ ಟಾರ್ಚ್ ಆರಿಸಿದ. ಅವತ್ತು ಅವನು ತಾನಾಗಿ ಟಾರ್ಚ್ ಆರಿಸಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕತ್ತಲೆಯಿಂದ ಒಂದು ಸದ್ದು ಬಂತು. ಗರಗರ ಎಂದು ಎಳೆದು, ನಿಂತು, ಮತ್ತೆ ಎಳೆಯುವಂಥದ್ದು.

“ಚಿರತೆ” ಎಂದ ಅಣ್ಣ, ತುಟಿ ಅಲ್ಲಾಡಿಸದೆ.

ಓಡಿದೆವು. ಕಮಾಂಡರ್ ಎಲ್ಲರಿಗಿಂತ ಮುಂದೆ. ಅತ್ತೆಯ ಮಗಳ ಕೈ ಹಿಡಿದುಕೊಂಡು ಓಡಿದವನು ನಾನು, ದಯವಿಟ್ಟು ಇದನ್ನು ಬರೆದಿಟ್ಟುಕೊಳ್ಳಿ. ಮನೆಗೆ ನುಗ್ಗಿ ಅಜ್ಜನನ್ನು ಎಬ್ಬಿಸಲು ಹೋದರೆ ಅವರ ಹಾಸಿಗೆ ಖಾಲಿ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಚಿರತೆ ಊಟ ಮುಗಿಸಿಯೇ ನಮ್ಮ ಕಡೆ ಬಂದಿತ್ತು! ಆ ಗರಗರ ತೃಪ್ತಿಯ ಸದ್ದು!

ಅಳು ಕೇಳಿ ಅಜ್ಜಿ ಎದ್ದರು. “ಅಜ್ಜ ನಿಮ್ಮನ್ನೇ ಕಾಯೋಕೆ ಹೋಗಿ ಆ ಮರದ ಕೆಳಗೆ ಮಲಗಿದಾರಲ್ರೋ. ಆ ಗೊರಕೆ ಕೇಳಿ ನನಗೆ ನಲವತ್ತು ವರ್ಷ ಆಯ್ತು. ನಾನು ಓಡಿಹೋದ್ನಾ?” ಎಂದು ಮೂವರಿಗೂ ಒಂದೇ ಕಂಬಳಿ ಹೊದಿಸಿ ಮಲಗಿಸಿದರು.

ಸುಖವಾಗಿ ಮಲಗಿದೆವು. ತಪ್ಪು ಆಗಿದ್ದು ಅಲ್ಲೇ.

ಬೆಳಗಿನ ಜಾವ ಅಜ್ಜ ಎದ್ದು ನೋಡಿದರೆ ಡೇರೆ ಖಾಲಿ. ಹಾಸು ನೆಲಕ್ಕೆ ಬಿದ್ದಿದೆ, ಒಂದು ಚಪ್ಪಲಿ ಇಲ್ಲಿ, ಒಂದು ಅಲ್ಲಿ. ಹೆಸರು ಹಿಡಿದು ಕೂಗಿದ್ದಾರೆ. ಹೊಲದ ಬದುವೆಲ್ಲ ಸುತ್ತಿದ್ದಾರೆ. ಆಮೇಲೆ ಬಾವಿಯ ಹತ್ತಿರ ಹೋಗಿ ಟಾರ್ಚ್ ಬಿಟ್ಟು ಬಗ್ಗಿ ನೋಡಿದ್ದಾರೆ. ಅದು ನಾವು ಬಿಟ್ಟು ಓಡಿದ್ದ ಟಾರ್ಚು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಅಕ್ಕಪಕ್ಕದ ಹೊಲದವರನ್ನು ಕರೆಯಲು ಕೊನೆಗೆ ಅಣ್ಣನ ಪೈಪನ್ನೇ ಎತ್ತಿ ಊದಿದ್ದಾರೆ. ನಾವು ಎದ್ದಿದ್ದು ಆ ಸದ್ದಿಗೇ. ಬ್ರೌನ್‌ಸೀ ದ್ವೀಪದಲ್ಲಿ ಎದ್ದ ಹಾಗೆ.

ಅಂಗಳದಲ್ಲಿ ನಮ್ಮನ್ನು ನೋಡಿದಾಗ ಅಜ್ಜ ಬೈಯಲಿಲ್ಲ. ಕಟ್ಟೆಯ ಮೇಲೆ ಕೂತರು. ಪೈಪು ಕೈಯಲ್ಲೇ ಇತ್ತು. ತುಂಬ ಹೊತ್ತು ಮಾತಾಡಲಿಲ್ಲ.

ಬೈದವರು ಬೇರೆಯವರು. ಬೈಸಿಕೊಂಡವನು ನಾನು. ಮನೆಗೆ ಬಂದ ಮೇಲೆ ವಾಪಸ್ ಹೋಗಿ ಅಜ್ಜನಿಗೆ ಹೇಳಬೇಕಾದ್ದು ಕಾವಲುಗಾರನ ಕೆಲಸವಂತೆ. ನನ್ನನ್ನು ಆ ಹುದ್ದೆಯಿಂದ ಸಂಜೆಯೇ ತೆಗೆದಿದ್ದ ಎಂಬ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ನೆಂಟರು ಸೇರಿದಾಗಲೆಲ್ಲ ಅಣ್ಣ ಈ ಕಥೆ ಹೇಳುತ್ತಾನೆ. ಪ್ರತಿ ಸಲವೂ ಅದರಲ್ಲಿ ನಾನು ಇನ್ನೂ ಸ್ವಲ್ಪ ಚಿಕ್ಕವನಾಗಿ, ಇನ್ನೂ ಸ್ವಲ್ಪ ಜಾಸ್ತಿ ಅಳುತ್ತೇನೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ, ಹಲ್ಲು ಕಚ್ಚಿಕೊಂಡು.

ನಿನ್ನೆ ಬೇರೆ ದಾರಿಯಿಲ್ಲದೆ ಅವನಿಗೇ ಫೋನ್ ಮಾಡಿ ಡೇರೆ ಮಡಚುವುದು ಹೇಗೆ ಅಂತ ಕೇಳಿದೆ.

“ಎಂಟು ಮಾಡಿ ಒತ್ತು.”

“ಒತ್ತಿದೆ. ಮೂಗಿಗೆ ಹೊಡೀತು.”

“ನಿನಗೆ ಹೇಳಿದ ಕೆಲಸ ಯಾವತ್ತು ಸರಿಯಾಗಿ ಮಾಡಿದೀಯ? ಅವತ್ತು ರಾತ್ರಿ ಹೋಗಿ ಅಜ್ಜನಿಗೆ ಒಂದು ಮಾತು ಹೇಳಿದ್ರೆ...”

ಇಟ್ಟುಬಿಟ್ಟೆ. ಆಮೇಲೆ ಸುಮ್ಮನಿರಲಾಗದೆ ಅತ್ತೆಯ ಮಗಳಿಗೆ ಮಾಡಿದೆ. ಆ ರಾತ್ರಿಗೆ ಉಳಿದಿರುವ ಒಬ್ಬಳೇ ಸಾಕ್ಷಿ ಅವಳು. ಕಾವಲುಗಾರ ಯಾರಾಗಿದ್ದರು, ನೀನೇ ಹೇಳು ಎಂದೆ.

“ಯಾವ ಕಾವಲು? ನನಗೆ ನೆನಪಿರೋದು ಇಷ್ಟೇ. ಯಾರೋ ನನ್ನ ಕೈ ಬಿಡದೆ ಎಳ್ಕೊಂಡು ಓಡಿದ್ರು” ಎಂದಳು. “ಅಣ್ಣ ಇರ್ಬೇಕು, ಅಲ್ವಾ?”