ಅಡಿಕೆಗೆ ತಕ್ಕಡಿ ಉಂಟು, ಮಾಣಿಗೆ ಇಲ್ಲ

ನಮ್ಮ ಶಿರಸಿ ಸೀಮೆಯಲ್ಲಿ ತೂಗದೇ ಬಿಡುವ ವಸ್ತು ಯಾವುದಿದೆ ಹೇಳಿ. ಅಡಿಕೆ ಮಾರಲು ಹೋದರೆ ಖಾಲಿ ಚೀಲದ ತೂಕವನ್ನೂ ಕಳೆದು ಲೆಕ್ಕ ಹಾಕುತ್ತಾರೆ. ಕಾಳುಮೆಣಸು ನೂರು ಗ್ರಾಂ ಕಡಿಮೆ ಬಂದರೆ ನಮ್ಮನೆಯವರು ಎರಡು ದಿನ ಊಟದ ಹೊತ್ತಿಗೂ ಅದನ್ನೇ ಗೊಣಗುತ್ತಾರೆ. ಆದರೆ ಜ್ವರದಲ್ಲಿ ಸುಡುತ್ತಿದ್ದ ನಮ್ಮ ಐದು ವರ್ಷದ ಮಾಣಿಯನ್ನು, ಅಂದರೆ ಮಗನನ್ನು, ಜಡಿಮಳೆಯಲ್ಲಿ ಪೇಟೆಯ ಡಾಕ್ಟರ ಹತ್ತಿರ ಹೊತ್ತುಕೊಂಡು ಹೋದರೆ ಅವನನ್ನು ತೂಗಿದವರು ಒಬ್ಬರೂ ಇಲ್ಲ. ಮಷಿನ್ ಇರಲಿಲ್ಲ ಎಂದಲ್ಲ ಮಾರಾಯ್ರೆ. ಟೇಬಲ್ ಪಕ್ಕದಲ್ಲೇ ಇತ್ತು. ಅದರ ಮೇಲೆ ರಟ್ಟಿನ ಡಬ್ಬ ಪೇರಿಸಿಟ್ಟಿದ್ದರು!

"ವಯಸ್ಸೆಷ್ಟು?" "ಐದು." ಗಂಟಲಿಗೆ ಟಾರ್ಚ್ ಬಿಟ್ಟರು, ಕೀವಾಗಿದೆ ಎಂದರು. ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್ ಸಿರಪ್ 250 (ಅಂದರೆ 5 ಎಂಎಲ್‌ನಲ್ಲಿ 250 ಮಿಲಿಗ್ರಾಂ ಔಷಧಿ), ಬೆಳಿಗ್ಗೆ 5 ಎಂಎಲ್, ರಾತ್ರಿ 5 ಎಂಎಲ್, ಐದು ದಿನ. ಎರಡು ನಿಮಿಷದಲ್ಲಿ ನಾವು ಹೊರಗೆ. ಅದೇ ವಾರ ನಾದಿನಿಯ ಕೂಸಿಗೂ ಅದೇ ಗಂಟಲು, ಅದೇ ಡಾಕ್ಟರು, ಅದೇ 5 ಎಂಎಲ್. ಅವಳಿಗೂ ಐದೇ ವರ್ಷ. ಆದರೆ ಅದು ಕಡ್ಡಿಯಂಥ ಕೂಸು, 13 ಕೆಜಿ. ನಮ್ಮದು ಗುಂಡಪ್ಪ, 20 ಕೆಜಿ.

ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದರೆ ಅಲ್ಲಿ ಇನ್ನೊಂದು ಕತೆ. "ಅದು ಖಾಲಿಯಾಗಿದೆ, ಇದನ್ನು ತಗೊಳ್ಳಿ ಅಕ್ಕ, ಎರಡೂ ಒಂದೇ, ಕಂಪನಿ ಬೇರೆ ಅಷ್ಟೇ." ನಾನೂ ಮಳೆಯ ಗಡಿಬಿಡಿಯಲ್ಲಿ ಚೀಲಕ್ಕೆ ಹಾಕಿಕೊಂಡು ಬಸ್ ಹಿಡಿದೆ. ಆರು ದಿನದ ಮೇಲೆ ಡಬ್ಬ ತಿರುಗಿಸಿ ಓದಿದೆ: 5 ಎಂಎಲ್‌ನಲ್ಲಿ 125 ಮಿಲಿಗ್ರಾಂ. 250ಕ್ಕೂ 125ಕ್ಕೂ ಒಂದೇ ಎನ್ನುವವನು ನನ್ನ ಹತ್ತಿರ ದುಡ್ಡು ಎಣಿಸುವಾಗ ಮಾತ್ರ 125 ಕೊಟ್ಟರೆ 250 ಎಂದು ತಿಳಿಯುವುದಿಲ್ಲವಲ್ಲ!

ಜ್ವರ ಮೂರನೇ ದಿನ ಇಳಿಯಿತು, ಆರನೇ ದಿನ ಮತ್ತೆ ಏರಿತು. ಅತ್ತೆಯ ತನಿಖೆ ಶುರು: "ಆ ಕೂಸಿಗೆ ಗುಣ ಆತು, ಮಾಣಿಗೆ ಎಂತಕೆ ಆಜಿಲ್ಲೆ? ನೀನು ಐಸ್‌ಕ್ರೀಮ್ ಕೊಡ್ಸಿದ್ದಕ್ಕೇ!" ಐಸ್‌ಕ್ರೀಮ್ ಕೊಡಿಸಿ ತಿಂಗಳಾಗಿತ್ತು. ಆದರೂ ರಾತ್ರಿಯಿಡೀ ಅದೇ ಕೊರೆತ.

ಮರುದಿನ ಬೇರೆ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅಲ್ಲಿ ಮೊದಲ ಮಾತೇ "ಚಪ್ಪಲಿ ಬಿಚ್ಚಿ ಇದರ ಮೇಲೆ ನಿಲ್ಲು ಪುಟ್ಟ." ನನಗೆ ಅಳುವೇ ಬಂತು. ಚೀಟಿಯ ಹಿಂದೆ ಲೆಕ್ಕ ಬರೆದು ತೋರಿಸಿದರು: ಈ ಥರದ ಗಂಟಲು ಸೋಂಕಿಗೆ ಕೆಜಿಗೆ ದಿನಕ್ಕೆ 50 ಮಿಲಿಗ್ರಾಂ, ಅದೂ ಹತ್ತು ದಿನ. 20 ಕೆಜಿಗೆ 1000. ನನ್ನ ಮಾಣಿಗೆ ದಿನಕ್ಕೆ ಹೋಗಿದ್ದು ಎಷ್ಟು? 250. ಕಾಲು ಭಾಗ! ಕೂಸಿಗೆ ಬೇಕಾದ್ದು 650, ಅವಳಿಗೆ ಸರಿಯಾದ ಬಾಟಲಿ ಸಿಕ್ಕಿದ್ದರಿಂದ 500 ಆದರೂ ಹೋಗಿತ್ತು. ಐಸ್‌ಕ್ರೀಮಿನ ಕೇಸು ಅಲ್ಲಿಗೆ ವಜಾ. ಅತ್ತೆ ಇನ್ನೂ ಒಪ್ಪಿಲ್ಲ, ಆ ಮಾತು ಬೇರೆ.

ಹಾಗಂತ ಈ ಲೆಕ್ಕ ಹಿಡಿದು ಮನೆಯಲ್ಲೇ ಅಳೆಯಲು ಹೋಗಬೇಡಿ. ಕಿವಿ ಸೋಂಕಾದರೆ ಇದೇ ಔಷಧಿ ಕೆಜಿಗೆ ದಿನಕ್ಕೆ 80–90 ಮಿಲಿಗ್ರಾಂ ತನಕ ಹೋಗುತ್ತದಂತೆ. ಮೂಗು ಸೋರುವ, ಕೆಮ್ಮಿನ ಗಂಟಲುನೋವು ಬಹುಪಾಲು ವೈರಸ್ಸಿನದು, ಅದಕ್ಕೆ ಆಂಟಿಬಯಾಟಿಕ್ ಬೇಡವೇ ಬೇಡ. ಇವನದು ಬ್ಯಾಕ್ಟೀರಿಯಾದ್ದು, ಇವನಿಗೆ ಬೇಕಿತ್ತು, ಬೇಕಿದ್ದಾಗ ಪೂರ್ತಿ ಹೋಗಬೇಕಿತ್ತು. ಈ ಗಂಟಲು ರೋಗ ಸರಿಯಾಗಿ ಗುಣವಾಗದಿದ್ದರೆ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಹಾಳಾಗುತ್ತದೆ ಎಂದರು ಡಾಕ್ಟರು. ಹೃದಯ ಎಂದರೆ ನಮ್ಮ ಜಿಲ್ಲೆಯವರಿಗೆ ಗೊತ್ತಲ್ಲ, ಹುಬ್ಬಳ್ಳಿಗೋ ಮಣಿಪಾಲಕ್ಕೋ ಗಾಡಿ ಮಾಡಿಕೊಂಡು ಓಡಬೇಕು. ಒಂದು ರಟ್ಟಿನ ಡಬ್ಬ ಕೆಳಗಿಳಿಸಲು ಆಗದವರ ದೆಸೆಯಿಂದ!

ನನ್ನದೂ ತಪ್ಪಿದೆ, ಮುಚ್ಚಿಡುವುದಿಲ್ಲ. ಬಾಟಲಿಯ ಅಳತೆ ಮುಚ್ಚಳ ಕಳೆದುಹೋಗಿ ಅಡುಗೆಮನೆಯ ಚಮಚದಲ್ಲೇ ಕುಡಿಸಿದ್ದೆ. ಆಮೇಲೆ ಸಿರಿಂಜ್ ತಂದು ಅಳೆದು ನೋಡಿದೆ. ಒಂದು ಚಮಚ 3 ಎಂಎಲ್, ಇನ್ನೊಂದು 7. ಯಾವುದರಲ್ಲಿ ಎಷ್ಟು ಸಲ ಕೊಟ್ಟೆನೋ ದೇವರಿಗೇ ಗೊತ್ತು.

ಅಂಗನವಾಡಿ ಅಕ್ಕೋರು ತಿಂಗಳು ತಿಂಗಳು ಇವನನ್ನು ತೂಗಿ ಬರೆದಿಡುತ್ತಾರೆ. ಸಿಗುವ ಗೌರವಧನಕ್ಕೆ ಅಷ್ಟು ಮಾಡುತ್ತಾರೆ. ಫೀಸು ತಗೊಳ್ಳುವವರಿಗೆ ಅರ್ಧ ನಿಮಿಷ ಇಲ್ಲ.

ಈಗ 250ರ ಬಾಟಲಿ, ಹೊತ್ತಿಗೆ 10 ಎಂಎಲ್. 60 ಎಂಎಲ್ ಬಾಟಲಿ ಮೂರು ದಿನಕ್ಕೆ ಖಾಲಿ, ಹತ್ತು ದಿನಕ್ಕೆ ನಾಲ್ಕು ಬೇಕು. ಪ್ರತಿ ಹೊಸ ಬಾಟಲಿಯ ಪುಡಿಗೆ ಒಂದು ಸಲ ಕಾಯಿಸಿ ಆರಿಸಿದ ನೀರನ್ನು ಗೆರೆಯ ತನಕ ಹಾಕಿ ಕುಲುಕಬೇಕು. ಇವತ್ತು ಏಳನೇ ದಿನ, ಮೂರನೇ ಬಾಟಲಿ ಒಡೆದಿದ್ದೇನೆ. ಸಂಜೆಯಿಂದ ಕರೆಂಟಿಲ್ಲ. ಎಂಟು ಗಂಟೆಯ ಡೋಸಿಗೆ ಇವರು ಟಾರ್ಚ್ ಹಿಡಿಯುತ್ತಾರೆ, ನಾನು ಸಿರಿಂಜಿನ ಗೆರೆ ನೋಡುತ್ತೇನೆ.