ಸ್ಪ್ಯಾನರ್ ಕೊಟ್ಟು ಸುಮ್ನೆ ನಿಲ್ಲುವವರು

ಲಾಸ್ ಏಂಜಲೀಸ್ ಕಾರುಗಳ ಊರು. ಅಂಥ ಊರಿನಲ್ಲಿ 2002ರಲ್ಲಿ ಕೆಲವರು ಸೇರಿ, ಇಕೋ ವಿಲೇಜ್ ಅನ್ನುವ ವಠಾರದ ಒಂದು ಅಡುಗೆಮನೆಯಲ್ಲಿ ಸೈಕಲ್ ರಿಪೇರಿ ಶುರು ಮಾಡಿದರು. ಹೆಸರು ಬೈಸಿಕಲ್ ಕಿಚನ್. ಆಮೇಲೆ ಜಾಗ ಬದಲಾಯಿತು, ಹೆಸರು ಬದಲಾಗಲಿಲ್ಲ. ಅಲ್ಲಿನ ಸ್ವಯಂಸೇವಕರಿಗೆ ಅಡುಗೆಯವರು ಅಂತಲೇ ಹೆಸರು.

ನಮ್ಮ ಕಡೆಯ ಸೈಕಲ್ ಶಾಪ್ ಗೊತ್ತಲ್ವಾ? ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಬೇಕು, ಟ್ಯೂಬನ್ನು ನೀರಲ್ಲಿ ಮುಳುಗಿಸಿದಾಗ ಗುಳ್ಳೆ ಎಲ್ಲಿ ಬಂತು ಅಂತ ಬೇಕಾದರೆ ಕೂಗಬಹುದು, ಅಷ್ಟೇ ನಮ್ಮ ಪಾಲು. ಸ್ಪ್ಯಾನರ್ ಮುಟ್ಟಿದರೆ ಬೈಗುಳ ಗ್ಯಾರಂಟಿ. ಬೈಸಿಕಲ್ ಕಿಚನ್‌ನಲ್ಲಿ ಎಲ್ಲ ಉಲ್ಟಾ. ಅಲ್ಲಿ ನಿಮ್ಮ ಸೈಕಲನ್ನು ಯಾರೂ ರಿಪೇರಿ ಮಾಡಿಕೊಡುವುದಿಲ್ಲ. ಅದನ್ನು ಸ್ಟ್ಯಾಂಡಿಗೆ ನೇತುಹಾಕಿ, ಸ್ಪ್ಯಾನರನ್ನು ನಿಮ್ಮ ಕೈಗೇ ಕೊಡುತ್ತಾರೆ. ಸ್ಟ್ಯಾಂಡ್ ಬಳಸಿದ ಹೊತ್ತಿಗೆ ಇಷ್ಟು ಅಂತ ದೇಣಿಗೆ ಕೇಳುತ್ತಾರೆ. ಕೈಯಲ್ಲಿ ಕಾಸಿಲ್ಲದವರನ್ನು ವಾಪಸ್ ಕಳಿಸುವುದಿಲ್ಲ.

ಇಂಥ ಕಡೆ ಕಷ್ಟ ಕಲಿಯುವವರಿಗಿಂತ ಕಲಿಸುವವರಿಗೇ ಜಾಸ್ತಿ ಅಂತ ನನಗನ್ನಿಸುತ್ತದೆ. ಎಡಗಡೆಯ ಪೆಡಲ್ ಬಿಚ್ಚುವುದನ್ನೇ ನೋಡಿ. ಅದರ ತಿರುಪು ಉಲ್ಟಾ, ತುಳಿಯುತ್ತಾ ತುಳಿಯುತ್ತಾ ತಾನಾಗಿ ಕಳಚಿಕೊಳ್ಳಬಾರದು ಅಂತ ಬೇಕಂತಲೇ ಹಾಗೆ ಮಾಡಿರುತ್ತಾರೆ. ಹೊಸಬರು ಎಲ್ಲ ನಟ್ಟಿನಂತೆ ಇದೂ ಅಂದುಕೊಂಡು, ಬಿಚ್ಚುವ ಹೆಸರಲ್ಲಿ ಇನ್ನಷ್ಟು ಬಿಗಿ ಮಾಡುತ್ತಾ ಬೆವರುತ್ತಿರುತ್ತಾರೆ. ಪಕ್ಕದಲ್ಲಿ ನಿಂತವನಿಗೆ ಎರಡು ಸೆಕೆಂಡಿನ ಕೆಲಸ ಅದು. ಆದರೆ ಕಿತ್ತುಕೊಳ್ಳುವಂತಿಲ್ಲ! "ಇನ್ನೊಂದು ಕಡೆ ತಿರುಗಿಸಿ ನೋಡ್ತೀರಾ?" ಅಂತ ನಯವಾಗಿ ಕೇಳಿ ಕಾಯಬೇಕು. ಗಾಲಿಯ ಬೆಂಡ್ ತೆಗೆಯುವುದಂತೂ ಇನ್ನೂ ತಾಳ್ಮೆಯ ಕೆಲಸ. ಸ್ಪೋಕಿನ ತುದಿಯಲ್ಲಿರುವ ನಿಪ್ಪಲ್ ಅನ್ನುವ ಪುಟ್ಟ ನಟ್ಟನ್ನು ಕಾಲು ಸುತ್ತು ತಿರುಗಿಸಿ, ಗಾಲಿ ಓಡಿಸಿ, ರಿಮ್ ಯಾವ ಕಡೆ ವಾಲಿತು ನೋಡಿ ಮತ್ತೆ ಕಾಲು ಸುತ್ತು. ಕಾಲು ಸುತ್ತು ತಿರುಗಿಸಿ ನಿಲ್ಲಿಸಲು ಹೊಸಬರಿಗೆ ಆಗುವುದಿಲ್ಲ, ಎರಡು ಸುತ್ತು ತಿರುಗಿಸಿಬಿಡುತ್ತಾರೆ, ಬೆಂಡ್ ಇನ್ನೊಂದು ಕಡೆಗೆ ಹೋಗುತ್ತದೆ. ಮಗ್ಗಿ ಗೊತ್ತಿರುವ ಅಕ್ಕ ತಮ್ಮನಿಗೆ ಉತ್ತರ ಹೇಳದೆ ತುಟಿ ಕಚ್ಚಿಕೊಂಡಿರಬೇಕಲ್ಲ, ಹಾಗೆ.

ಅಮೆರಿಕದ ಎಷ್ಟೋ ಊರುಗಳಲ್ಲಿ ಈಗ ಇಂಥ ಜಾಗಗಳಿವೆ. ಫ್ರಾನ್ಸಿನಲ್ಲಿ ಇವುಗಳದ್ದೇ ಒಂದು ಒಕ್ಕೂಟವಿದೆ. ಜನ ದಾನ ಕೊಟ್ಟ ಹಳೇ ಸೈಕಲ್ ಬಿಚ್ಚಿ, ಬ್ರೇಕು, ಚೈನು, ಸೀಟು ಬೇರೆ ಬೇರೆ ಡಬ್ಬಿಗೆ ಹಾಕುವುದೂ ಸ್ವಯಂಸೇವಕರ ಪಾಲಿಗೇ ಬರುತ್ತದೆ. ಯಾರ ಫೋಟೊದಲ್ಲೂ ಬಾರದ ಕೆಲಸ.

ಒಂದು ತಕರಾರು ಮಾತ್ರ ನನಗಿದೆ. ಸೈಕಲ್ ಮೇಲೇ ಊಟ ತಲುಪಿಸಿ ಹೊಟ್ಟೆ ಹೊರೆಯುವವನು ಸಂಜೆ ಪಂಕ್ಚರ್ ಆದ ಗಾಡಿ ತಳ್ಳಿಕೊಂಡು ಬಂದರೆ, ಅವನಿಗೆ ಟೈರ್ ಬಿಚ್ಚುವ ಪಾಠ ಬೇಕಿರುವುದಿಲ್ಲ, ಗಾಡಿ ಬೇಕಿರುತ್ತದೆ. ಅವನಿಗೆ ನಿಯಮ ಬದಿಗಿಟ್ಟು ಸ್ವಯಂಸೇವಕರೇ ಬೇಗ ಪ್ಯಾಚ್ ಹಾಕಿ ಕಳಿಸಿದರೆ ಏನು ತಪ್ಪು? ಕೈ ಕಟ್ಟಿಕೊಂಡು ನಿಲ್ಲುವ ತಪಸ್ಸನ್ನು ಶನಿವಾರ ಬಿಡುವಾಗಿ ಬರುವ ಸಾಫ್ಟ್‌ವೇರ್ ಹುಡುಗರ ಮುಂದೆ ಮಾಡಿದರಾಯಿತು.