ಮಾಲಕರು ಬೇಕಾಗಿದ್ದಾರೆ

ಕರ್ನಾಟಕದಲ್ಲಿ ಉದ್ಯೋಗಗಳು ಕಾರ್ಖಾನೆಗಳಲ್ಲಿ ಹುಟ್ಟುತ್ತವೆ ಎಂದು ಯಾರಾದರೂ ನಂಬಿದ್ದರೆ ತಿದ್ದಿಕೊಳ್ಳಬೇಕು. ಅವು ಹುಟ್ಟುವುದು ಬೆಂಗಳೂರಿನ ಅರಮನೆ ಮೈದಾನದಲ್ಲಿ. 2010ರ ಹೂಡಿಕೆದಾರರ ಸಮಾವೇಶದಲ್ಲಿ ಸುಮಾರು 3.92 ಲಕ್ಷ ಕೋಟಿ ರೂಪಾಯಿಯ ಒಡಂಬಡಿಕೆಗಳಾದವು, 2022ರಲ್ಲಿ ಆ ಮೊತ್ತ 9.8 ಲಕ್ಷ ಕೋಟಿಗೆ ಏರಿತು, 2025ರ ಫೆಬ್ರುವರಿಯಲ್ಲಿ 10.27 ಲಕ್ಷ ಕೋಟಿ ರೂಪಾಯಿಯ ಜೊತೆಗೆ ಆರು ಲಕ್ಷ ಉದ್ಯೋಗಗಳೂ ಘೋಷಣೆಯಾದವು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುತ್ತಿದ್ದುದು ನಮ್ಮ ಹಿರಿಯರ ಅವಸರವಾಗಿತ್ತು. ಅವರ ಕುಲಾವಿಗಾದರೂ ಅಳತೆ ಚಿಕ್ಕದಿರುತ್ತಿತ್ತು.

ಈ ಬಗೆಯ ಉದ್ಯೋಗದ ಶ್ರೇಷ್ಠ ಮಾದರಿಯನ್ನು ಕಾಣಬೇಕಾದರೆ ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಗೆ ಹೋಗಬೇಕು. 2010ರಲ್ಲಿ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿ ವರ್ಷಕ್ಕೆ 60 ಲಕ್ಷ ಟನ್ ಉಕ್ಕು ತಯಾರಿಸುವ, 32 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಸ್ಥಾವರಕ್ಕೆ ಸಹಿ ಹಾಕಿತು. ರೈತರು ಹೊಲ ಬಿಡಲು ಒಪ್ಪಲಿಲ್ಲ, ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರು ರೈತರ ಪರವಾಗಿ ನಿಂತರು, 2011ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನವನ್ನು ಕೈಬಿಟ್ಟಿತು, 2013ರಲ್ಲಿ ಕಂಪನಿಯೇ ಹಿಂದೆ ಸರಿಯಿತು. ಕಾರ್ಮಿಕ ಸಂಬಂಧಗಳ ದೃಷ್ಟಿಯಿಂದ ಇದಕ್ಕಿಂತ ನಿಷ್ಕಳಂಕವಾದ ವಿದೇಶಿ ಹೂಡಿಕೆ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ: ಅಲ್ಲಿ ಒಂದು ದಿನವೂ ಮುಷ್ಕರ ನಡೆಯಲಿಲ್ಲ, ಲಾಕ್‌ಔಟ್ ಆಗಲಿಲ್ಲ, ಯಾರ ಪಗಾರವೂ ಬಾಕಿ ಉಳಿಯಲಿಲ್ಲ. ತಕರಾರು ಶುರುವಾಗುವುದು ಕಾರ್ಖಾನೆ ನಿಜವಾಗಿಯೂ ಬಂದಾಗ.

ಬಂದಿದೆ ಎಂದೇ ಇಟ್ಟುಕೊಳ್ಳೋಣ. ಧಾರವಾಡದ ಹೊರಗೆ, ಪುಣೆ–ಬೆಂಗಳೂರು ಹೆದ್ದಾರಿಯ ಬದಿಗೆ, ನಾಲ್ಕು ಭಾಷೆಗಳಲ್ಲಿ ಸುರಕ್ಷತೆಯ ಫಲಕ ಹಾಕಿಕೊಂಡ ಒಂದು ಹೊರದೇಶದ ಕಂಪನಿಯ ಘಟಕ. ನವಲಗುಂದದ ಕಡೆಯ ಒಬ್ಬ ಐಟಿಐ ಹುಡುಗ ಅಲ್ಲಿ ಕೆಲಸಕ್ಕೆ ಸೇರಿದ್ದಾನೆ. ಮಧ್ಯಾಹ್ನ ಎರಡರ ಪಾಳಿ ಬದಲಾಗುವಾಗ ಗೇಟಿನ ಎದುರು ನಿಂತರೆ ಜಗತ್ತಿನ ಸಮಸ್ತ ಉದ್ಯೋಗ ಸಂಬಂಧಗಳನ್ನು ಕೊರಳ ದಾರದ ಬಣ್ಣದಲ್ಲೇ ಓದಬಹುದು: ನೀಲಿ ದಾರದವರು ಕಾಯಂ, ಹಸಿರು ದಾರದವರು ನಿಗದಿತ ಅವಧಿಯವರು, ಬೂದು ದಾರದವರು ಗುತ್ತೇದಾರನ ಕಡೆಯವರು, ಹಳದಿ ದಾರದವರು ಅಪ್ರೆಂಟಿಸ್‌ಗಳು. ನೀಲಿ ದಾರಗಳನ್ನು ಎಣಿಸಲು ಒಂದು ಕೈಯ ಬೆರಳುಗಳು ಸಾಕಾಗದಿದ್ದರೆ ಅಂದು ಯಾರೋ ಸಾಹೇಬರ ತಪಾಸಣೆ ಇದೆ ಎಂದು ತಿಳಿಯಬೇಕು. ನಾಲ್ಕೂ ಬಣ್ಣದವರು ಒಂದೇ ಸಾಲಿನ ಯಂತ್ರಗಳ ಮುಂದೆ ನಿಂತು ಒಂದೇ ನಟ್ಟು ಬಿಗಿಯುತ್ತಾರೆ. ಆದರೆ 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಹಳದಿ ದಾರದವನು ಕಾರ್ಮಿಕನಲ್ಲ, ಶಿಕ್ಷಣಾರ್ಥಿ. ಅವನು ಬಿಗಿದ ನಟ್ಟು ಮಾತ್ರ ಶಿಕ್ಷಣಾರ್ಥಿಯಲ್ಲ, ಅದನ್ನು ಪೂರಾ ಬೆಲೆಗೆ ರಫ್ತು ಮಾಡಲಾಗುತ್ತದೆ.

ನಮ್ಮ ಹುಡುಗನದು ಬೂದು ದಾರ, ಹನ್ನೊಂದು ತಿಂಗಳ ಕಾಗದ. ಒಂದು ತಿಂಗಳು ಓವರ್‌ಟೈಮ್ ಹಣ ಕಡಿಮೆ ಬಂದಾಗ ಕೇಳಲು ಹೋಗುತ್ತಾನೆ. ಎಚ್‌ಆರ್ ಕೋಣೆಯಲ್ಲಿ ಅತ್ಯಂತ ಸೌಜನ್ಯದಿಂದ, "ನೀವು ನಮ್ಮ ರೋಲಿನಲ್ಲಿ ಇಲ್ಲವಲ್ಲ, ನಿಮ್ಮ ವೆಂಡರನ್ನು ಕೇಳಿ" ಎನ್ನುತ್ತಾರೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಎರಡನೇ ಮಹಡಿಯಲ್ಲಿ ಕಚೇರಿ ಇಟ್ಟಿರುವ ಗುತ್ತೇದಾರ, "ತಮ್ಮಾ, ನಾ ಬರೇ ಮಂದಿ ಕಳಸಾಂವ, ಹಾಜರಿ ಹಾಕಾವರು ಕಂಪನಿಯವರು, ಲೆಕ್ಕಾ ಮಾಡಾವರು ಬೆಂಗಳೂರಿನ ಏಜೆನ್ಸಿಯವರು" ಎನ್ನುತ್ತಾನೆ. ಬೆಂಗಳೂರಿನ ಏಜೆನ್ಸಿಗೆ ಫೋನ್ ಮಾಡಿದರೆ ಯಂತ್ರ ಮಾತಾಡುತ್ತದೆ, ಕನ್ನಡಕ್ಕಾಗಿ ಎರಡನ್ನು ಒತ್ತಲು ಹೇಳುತ್ತದೆ, ಒತ್ತಿದ ಮೇಲೆ ಹಿಂದಿಯಲ್ಲಿ ಮುಂದುವರಿಯುತ್ತದೆ. ಹೂಡಿಕೆ ಮಾಡಿದವರು ಮಾತ್ರ ತಮ್ಮ ದೇಶದಲ್ಲಿ ಪ್ರತಿ ವರ್ಷ ಒಂದು ಬಣ್ಣದ ವರದಿ ಅಚ್ಚು ಹಾಕಿಸುತ್ತಾರೆ, ಅದರ ಮುಖಪುಟದಲ್ಲಿ ಹೆಲ್ಮೆಟ್ ಹಾಕಿಕೊಂಡು ನಗುತ್ತಿರುವವನು ಇದೇ ಹುಡುಗ, ಕೆಳಗೆ "ನಮ್ಮ ಕುಟುಂಬ" ಎಂದು ಬರೆದಿರುತ್ತದೆ.

ಹಾಗೆಂದು ಹೊರಗಿನವರನ್ನಷ್ಟೇ ಜರೆದು ಸ್ಥಳೀಯ ಸಾಹುಕಾರರನ್ನು ಸುಮ್ಮನೆ ಬಿಡುವುದು ನ್ಯಾಯವಲ್ಲ. ಅಭಿವೃದ್ಧಿಶೀಲ ದೇಶಗಳಲ್ಲಿ ವಿದೇಶಿ ಕಂಪನಿಗಳು ಅದೇ ಕಸುಬಿನ ಸ್ಥಳೀಯ ಕಂಪನಿಗಳಿಗಿಂತ ಸಾಮಾನ್ಯವಾಗಿ ಹೆಚ್ಚೇ ಪಗಾರ ಕೊಡುತ್ತವೆ ಎಂಬುದನ್ನು ಅರ್ಥಶಾಸ್ತ್ರಜ್ಞರು ಮತ್ತೆ ಮತ್ತೆ ತೋರಿಸಿದ್ದಾರೆ, ಮತ್ತು ಕೈಗವಸು ಕೇಳಿದರೆ ನಗುವ ನಮ್ಮ ಸಣ್ಣ ವರ್ಕ್‌ಶಾಪುಗಳಲ್ಲಿ ದುಡಿದವನಿಗೆ ಆ ನಾಲ್ಕು ಭಾಷೆಯ ಫಲಕವೇ ಸ್ವರ್ಗದ ಬಾಗಿಲು. ಆದರೆ ಈ ಹೆಚ್ಚಿನ ಪಗಾರ ಯಾವ ಬಣ್ಣದ ದಾರದವರೆಗೆ ಇಳಿಯುತ್ತದೆ ಎಂಬುದನ್ನು ಸಮಾವೇಶದ ವೇದಿಕೆಯಲ್ಲಿ ಯಾರೂ ಕೇಳುವುದಿಲ್ಲ.

ಕೇಳದೆ ಇದ್ದುದರ ಫಲ 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ ಕಂಡಿತು. ಐಫೋನ್ ಜೋಡಿಸುವ ತೈವಾನಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಬಹುಪಾಲು ಕಾರ್ಮಿಕರು ಗುತ್ತಿಗೆಯವರಾಗಿದ್ದರು. ಅಕ್ಟೋಬರಿನಲ್ಲಿ ಎಂಟು ತಾಸಿನ ಪಾಳಿಯನ್ನು ಹನ್ನೆರಡು ತಾಸು ಮಾಡಲಾಗಿತ್ತು, ಹಾಜರಿಯ ವ್ಯವಸ್ಥೆ ಕೆಟ್ಟಿತ್ತು, ಪಗಾರ ಖೋತಾ ಆಗಿತ್ತು, ಕೊನೆಗೆ ಕಾರ್ಖಾನೆಯ ಗಾಜು ಪುಡಿಯಾಯಿತು. ಕಂಪನಿ ಪೊಲೀಸರಿಗೆ ಕೊಟ್ಟ ದೂರಿನಲ್ಲಿ ನಷ್ಟ 437 ಕೋಟಿ ರೂಪಾಯಿ. ಅದೇ ಕಂಪನಿ ತೈವಾನಿನ ಷೇರುಪೇಟೆಗೆ ತಿಳಿಸಿದ ನಷ್ಟ 26ರಿಂದ 52 ಕೋಟಿ. ಕಾರ್ಮಿಕರ ಹಾಜರಿಯೊಂದನ್ನು ಬಿಟ್ಟು ಉಳಿದ ಲೆಕ್ಕಗಳಲ್ಲಿ ಎಷ್ಟು ಚುರುಕು ನೋಡಿ. ಪಗಾರ ಸರಿಯಾಗಿ ಕೊಟ್ಟಿರಲಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು.

ಈ ಅನುಭವದಿಂದ ನಮ್ಮ ಶಾಸಕಾಂಗ ಒಂದು ಪಾಠ ಕಲಿಯಿತು. ಹನ್ನೆರಡು ತಾಸಿನ ಪಾಳಿಯಿಂದ ಗಲಾಟೆಯಾಗಿದ್ದರೆ, ಬಹುಶಃ ಅದು ಕಾನೂನುಬದ್ಧವಾಗಿಲ್ಲದ್ದರಿಂದಲೇ ಆಗಿರಬೇಕು. ಆದ್ದರಿಂದ 2023ರ ಫೆಬ್ರುವರಿಯಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ತಾಸು ಮೀರದಂತೆ ದಿನಕ್ಕೆ ಹನ್ನೆರಡು ತಾಸು ದುಡಿಸಿಕೊಳ್ಳಲು ಅವಕಾಶ ಕೊಟ್ಟಿತು, ಮೂರು ತಿಂಗಳಿಗೆ 75 ತಾಸಿದ್ದ ಓವರ್‌ಟೈಮ್ ಮಿತಿಯನ್ನು 144 ತಾಸಿಗೆ ಏರಿಸಿತು. ಇದರ ಹಿಂದೆ ಆ್ಯಪಲ್ ಮತ್ತು ಫಾಕ್ಸ್‌ಕಾನ್ ಕಂಪನಿಗಳ ಒತ್ತಾಯವಿತ್ತೆಂದು ಪತ್ರಿಕೆಗಳು ಬರೆದವು. ಬಂಡವಾಳ ಒಂದು ಸಾಗರ ದಾಟಿ ಬಂದು ಕೇಳಿದ್ದನ್ನು ವಿಧಾನಸೌಧ ವಾರಗಳಲ್ಲಿ ಕೊಡುತ್ತದೆ. ಅದೇ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ 50, ಇತರ ಹುದ್ದೆಗಳಲ್ಲಿ ಶೇ 70 ಮೀಸಲು ಕೊಡುವ ಮಸೂದೆಗೆ 2024ರ ಜುಲೈನಲ್ಲಿ ಸಂಪುಟ ಒಪ್ಪಿಗೆ ಕೊಟ್ಟಾಗ ಉದ್ಯಮಿಗಳು ಹುಬ್ಬು ಗಂಟಿಕ್ಕಿದರು, ಎರಡೇ ದಿನದಲ್ಲಿ ಅದು ಕಪಾಟು ಸೇರಿತು.

ಎಷ್ಟು ಬಾಗಬೇಕೆಂದು ನಾವು ತಿಳಿಯುತ್ತಿದ್ದುದು ವಿಶ್ವಬ್ಯಾಂಕಿನ ಸುಗಮ ವ್ಯವಹಾರದ ಪಟ್ಟಿಯಿಂದ. ಕಾರ್ಮಿಕರನ್ನು ಸುಲಭವಾಗಿ ತೆಗೆದುಹಾಕಬಹುದಾದ ದೇಶಕ್ಕೆ ಹೆಚ್ಚು ಅಂಕ ಕೊಡುವ ಸೂಚ್ಯಂಕವೂ ಮೊದಲು ಅದರಲ್ಲಿತ್ತು, ಕಾರ್ಮಿಕ ಸಂಘಟನೆಗಳ ಆಕ್ಷೇಪದ ಮೇಲೆ ಅದನ್ನು ಲೆಕ್ಕದಿಂದ ಕೈಬಿಡಲಾಯಿತು. 2021ರ ಸೆಪ್ಟೆಂಬರಿನಲ್ಲಿ, ಅಂಕಿಅಂಶಗಳನ್ನು ತಿದ್ದಿದ್ದು ಬಯಲಾಗಿ, ಇಡೀ ಪಟ್ಟಿಯನ್ನೇ ನಿಲ್ಲಿಸಲಾಯಿತು. ಪರೀಕ್ಷಕರು ಓಡಿಹೋದರೂ ನಾವು ಇನ್ನೂ ಉತ್ತರ ಬರೆಯುತ್ತಲೇ ಇದ್ದೇವೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ 300ಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಯನ್ನು ಮುಚ್ಚಲು ಸರ್ಕಾರದ ಅನುಮತಿ ಬೇಕಿಲ್ಲ. ಮೊದಲು ಈ ಗಡಿ 100 ಇತ್ತು. ನಿಗದಿತ ಅವಧಿಯ ನೌಕರನಿಗೆ ಒಂದು ವರ್ಷ ತುಂಬಿದರೆ ಗ್ರಾಚುಟಿ ಸಿಗುತ್ತದೆ ಎಂಬ ಒಳ್ಳೆಯ ಮಾತೂ ಹೊಸ ಕಾನೂನಿನಲ್ಲಿದೆ. ಹನ್ನೊಂದು ತಿಂಗಳ ಕಾಗದ ಬರೆಯುವವರು ಅದನ್ನು ನಮಗಿಂತ ಮೊದಲೇ ಓದಿಕೊಂಡಿದ್ದಾರೆ.

ಈ ನಡುವೆ ನವಲಗುಂದದ ಹುಡುಗ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟಿದ್ದಾನೆ. ಸಂಧಾನದ ಸಭೆಗೆ ಮೂವರು ವಕೀಲರು ಬಂದಿದ್ದಾರೆ, ಕಂಪನಿಯವರೊಬ್ಬರು, ಗುತ್ತೇದಾರನವರೊಬ್ಬರು, ಏಜೆನ್ಸಿಯವರೊಬ್ಬರು. ಪರಸ್ಪರರ ಯಾವ ಮಾತನ್ನೂ ಒಪ್ಪದ ಆ ಮೂವರೂ ಅರ್ಜಿದಾರ ತಮ್ಮವನಲ್ಲ ಎಂಬ ಒಂದು ಸಂಗತಿಯಲ್ಲಿ ಒಮ್ಮತಕ್ಕೆ ಬಂದಿದ್ದಾರೆ. ಅಧಿಕಾರಿಗಳು ಎಲ್ಲವನ್ನೂ ಸಮಾಧಾನದಿಂದ ಕೇಳಿ, ದಾಖಲೆ ಹಾಜರುಪಡಿಸಲು ಸೂಚಿಸಿ, ಮುಂದಿನ ತಾರೀಖು ಕೊಟ್ಟಿದ್ದಾರೆ. ಆ ತಾರೀಖಿಗೆ ಒಂದು ವಾರ ಮೊದಲೇ ಹುಡುಗನ ಹನ್ನೊಂದು ತಿಂಗಳು ಮುಗಿಯುತ್ತದೆ, ಆಗ ಮೂವರು ವಕೀಲರ ವಾದವೂ ತಾನಾಗಿಯೇ ನಿಜವಾಗುತ್ತದೆ.